ಎಷ್ಟು ಮಂದಿ, ಎಷ್ಟು ನೀರು: ಇಂಗ್ಲಿಷಿನ ಮೆನಿ, ಮಚ್, ಫ್ಯೂ, ಲಿಟಲ್ ಬಳಸುವ ಕ್ರಮ

ಕಾಸರಗೋಡಿನಲ್ಲಿ ಕಿವಿಗೆ ಬೀಳುವ ಭಾಷೆಗಳೆಲ್ಲ ಈ ಒಂದು ವಿಷಯದಲ್ಲಿ ಒಂದೇ ದಾರಿಯವು. ಕನ್ನಡದಲ್ಲಿ ‘ಎಷ್ಟು ಮಂದಿ’, ‘ಎಷ್ಟು ನೀರು’. ತುಳುವಿನಲ್ಲಿ ಎರಡಕ್ಕೂ ‘ಏತ್’, ಮಲಯಾಳದಲ್ಲಿ ಎರಡಕ್ಕೂ ‘ಎತ್ರ’. ಇಂಗ್ಲಿಷ್ ಮಾತ್ರ ಎಣಿಸುವುದಕ್ಕೊಂದು ಶಬ್ದ, ಅಳೆಯುವುದಕ್ಕೊಂದು ಶಬ್ದ ಇಟ್ಟುಕೊಂಡಿದೆ: ಮಂದಿಗೆ ‘ಹೌ ಮೆನಿ’, ನೀರಿಗೆ ‘ಹೌ ಮಚ್’. ಮೂರು ಭಾಷೆ ಸಲೀಸಾಗಿ ಆಡುವ ಮಕ್ಕಳೂ ‘ಮಚ್ ಸ್ಟೂಡೆಂಟ್ಸ್’ ಎಂದು ಬರೆಯುವುದು ಇದರಿಂದಲೇ. ಅದನ್ನು ದಡ್ಡತನ ಎಂದು ಬೈಯಬಾರದು. ಮೂರೂ ಭಾಷೆಗಳಲ್ಲಿ ಇಲ್ಲದ ಆಯ್ಕೆಯನ್ನು ನಾಲ್ಕನೆಯದು ಕೇಳುತ್ತಿದೆ, ಅಷ್ಟೆ.

ಹಾಗೆಂದು ಎಣಿಕೆ ಮತ್ತು ಅಳತೆಯ ಭೇದ ಕನ್ನಡಕ್ಕೆ ಗೊತ್ತೇ ಇಲ್ಲ ಎಂದಲ್ಲ. ‘ಕೆಲವು’ ಎಂಬ ಶಬ್ದವನ್ನು ಗಮನಿಸಿ. ‘ಕೆಲವು ಬುಟ್ಟಿ’ ಎನ್ನುತ್ತೇವೆ, ‘ಕೆಲವು ಎಣ್ಣೆ’ ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಇದು: ನಾಮಪದದ ಹಿಂದೆ ‘ಕೆಲವು’ ಇಟ್ಟು ನೋಡಿ. ಕೂತರೆ ಅದು ಎಣಿಕೆಯದ್ದು. ಮೆನಿ, ಫ್ಯೂ, ಎ ಫ್ಯೂ, ಸೆವೆರಲ್ ಅದಕ್ಕೆ ಸಲ್ಲುತ್ತವೆ. ಕೂರದಿದ್ದರೆ ಮಚ್, ಲಿಟಲ್, ಎ ಲಿಟಲ್. ಅಕ್ಕಿ, ಗೊಬ್ಬರ, ಮಳೆ, ಹಣ ಇವು ಯಾವುವೂ ‘ಕೆಲವು’ ಜತೆ ಕೂರುವುದಿಲ್ಲ, ಇಂಗ್ಲಿಷಿನಲ್ಲೂ ಇವು ಅಳತೆಯವೇ. ಹಣದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಮನಿ ಅಳತೆಯದ್ದು, ರುಪೀಸ್ ಎಣಿಕೆಯದ್ದು. ‘ಹೌ ಮಚ್ ಮನಿ’, ಆದರೆ ‘ಹೌ ಮೆನಿ ರುಪೀಸ್’.

ಈ ಪರೀಕ್ಷೆ ಕೈಕೊಡುವ ಜಾಗ ಒಂದುಂಟು, ತಪ್ಪುಗಳ ದೊಡ್ಡ ರಾಶಿ ಇರುವುದೂ ಅಲ್ಲೇ. ‘ಕೆಲವು ಸಲಹೆ’, ‘ಎರಡು ಸುದ್ದಿ’, ‘ನಾಲ್ಕು ಕೆಲಸ’ ಎಂದು ನಾವು ಧಾರಾಳವಾಗಿ ಎಣಿಸುತ್ತೇವೆ. ಇಂಗ್ಲಿಷ್ ಇವನ್ನು ಎಣಿಸುವುದಿಲ್ಲ. ಅಡ್ವೈಸ್, ಇನ್‌ಫರ್ಮೇಶನ್, ನ್ಯೂಸ್, ವರ್ಕ್, ಹೋಮ್‌ವರ್ಕ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಬ್ರೆಡ್, ಟ್ರಾಫಿಕ್: ಈ ಹತ್ತನ್ನು ಬಾಯಿಪಾಠ ಮಾಡುವುದೇ ಸರಿ, ಇಲ್ಲಿ ತರ್ಕ ಹುಡುಕಿ ಪ್ರಯೋಜನವಿಲ್ಲ. ‘ಐ ಹ್ಯಾವ್ ಮೆನಿ ವರ್ಕ್ಸ್ ಟುಡೇ’ ತಪ್ಪು, ‘ಎ ಲಾಟ್ ಆಫ್ ವರ್ಕ್’ ಸರಿ. ‘ಫರ್ನಿಚರ್‌ಗಳು’, ‘ಲಗೇಜುಗಳು’ ಎಂದು ಕನ್ನಡದಲ್ಲಿ ಬಹುವಚನ ಹಚ್ಚಿ ಆಡುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ ರೂಢಿ ಇಂಗ್ಲಿಷಿಗೆ ಹಿಂದಿರುಗುವಾಗ ‘ಫರ್ನಿಚರ್ಸ್’ ಆಗಿಬಿಡುತ್ತದೆ. ನ್ಯೂಸ್ ಇನ್ನೊಂದು ಬಗೆಯ ಮೋಸ: ಕೊನೆಯಲ್ಲಿ ‘ಸ್’ ಇದ್ದರೂ ಏಕವಚನವೇ, ‘ದ ನ್ಯೂಸ್ ಈಸ್ ಗುಡ್’.

ಇಂಥವನ್ನು ಎಣಿಸಲೇಬೇಕಾದಾಗ ನಡುವೆ ಒಂದು ಪಾತ್ರೆ ಇಡಬೇಕು. ಅಕ್ಕಿಯನ್ನು ನಾವು ಸೇರಿನಲ್ಲೋ ಮೂಟೆಯಲ್ಲೋ ಎಣಿಸಿದ ಹಾಗೆ. ‘ಟೂ ಸ್ಯಾಕ್ಸ್ ಆಫ್ ರೈಸ್’, ‘ಥ್ರೀ ಪೀಸಸ್ ಆಫ್ ಅಡ್ವೈಸ್’. ಬಹುವಚನ ಹತ್ತುವುದು ಪಾತ್ರೆಗೆ, ಒಳಗಿನ ವಸ್ತುವಿಗಲ್ಲ. ವರ್ಕ್ ಬದಲು ‘ಟಾಸ್ಕ್’ ಅಥವಾ ‘ಜಾಬ್’ ಹಾಕಿದರೆ ನೇರವಾಗಿ ಎಣಿಸಬಹುದು.

ಎಣಿಕೆಯ ಕಡೆ ಇನ್ನೊಂದು ಕುಣಿ ಉಂಟು. ಕನ್ನಡದಲ್ಲಿ ‘ಹತ್ತು ತೆಂಗಿನಕಾಯಿ’ ಎಂದರೆ ಸಾಕು, ‘ಕಾಯಿಗಳು’ ಬೇಕಿಲ್ಲ. ಸಂಖ್ಯೆಯೇ ಬಹುವಚನದ ಕೆಲಸ ಮಾಡುತ್ತದೆ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ: ‘ಟೆನ್ ಕೋಕನಟ್ಸ್’, ‘ಮೆನಿ ಬುಕ್ಸ್’. ‘ಒನ್ ಆಫ್ ಮೈ ಫ್ರೆಂಡ್’ ಎಂಬ ತಪ್ಪೂ ಇಲ್ಲಿಂದಲೇ. ಹಲವರಲ್ಲಿ ಒಬ್ಬ ಎಂಬ ಅರ್ಥ ಇರುವುದರಿಂದ ‘ಫ್ರೆಂಡ್ಸ್’ ಆಗಬೇಕು. ಈಚ್ ಮತ್ತು ಎವ್ರಿ ಮಾತ್ರ ಏಕವಚನ ಬೇಡುತ್ತವೆ: ‘ಎವ್ರಿ ಹೌಸ್ ಹ್ಯಾಸ್ ಎ ವೆಲ್’.

ಒಂದೇ ನಾಮಪದ ಎರಡೂ ಕಡೆ ನಿಲ್ಲುವುದುಂಟು. ‘ಟೂ ಮೆನಿ ಕೋಕನಟ್ಸ್’ ಎಂದರೆ ಅಂಗಳದಲ್ಲಿ ರಾಶಿ ಬಿದ್ದ ಕಾಯಿ. ‘ಟೂ ಮಚ್ ಕೋಕನಟ್’ ಎಂದರೆ ಸಾಂಬಾರಿಗೆ ಅರೆದು ಹಾಕಿದ್ದು ಜಾಸ್ತಿಯಾಯಿತು. ‘ಎ ಜ್ಯಾಕ್‌ಫ್ರೂಟ್’ ಇಡೀ ಹಲಸಿನ ಹಣ್ಣು, ‘ಸಮ್ ಜ್ಯಾಕ್‌ಫ್ರೂಟ್’ ತಟ್ಟೆಯಲ್ಲಿಟ್ಟ ಸೊಳೆ. ಟೈಮ್ ಕೂಡ ಹೀಗೆಯೇ: ‘ಮಚ್ ಟೈಮ್’ ಸಮಯ, ‘ಮೆನಿ ಟೈಮ್ಸ್’ ಹಲವು ಸಲ.

ಮುಂದಿನದು ಒಂದಕ್ಷರದ ಬೆಲೆ. ‘ಎ ಫ್ಯೂ ಬಸಸ್’ ಎಂದರೆ ಕೆಲವಾದರೂ ಬಸ್ ಉಂಟು, ಕಾಯಬಹುದು. ‘ಫ್ಯೂ ಬಸಸ್’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ, ಬೇರೆ ದಾರಿ ನೋಡಿಕೊಳ್ಳಿ. ಲಿಟಲ್ ಕೂಡ ಹಾಗೆ: ಬಾವಿಯಲ್ಲಿ ‘ಎ ಲಿಟಲ್ ವಾಟರ್’ ಎಂದರೆ ಇಷ್ಟಾದರೂ ನೀರಿದೆ, ‘ಲಿಟಲ್ ವಾಟರ್’ ಎಂದರೆ ತಳ ಕಾಣುತ್ತಿದೆ. ‘ಎ’ ಬಿಟ್ಟುಹೋದರೆ ವ್ಯಾಕರಣ ತಪ್ಪುವುದಿಲ್ಲ, ಅರ್ಥವೇ ಮಗುಚಿ ಬೀಳುತ್ತದೆ. ತಿದ್ದುವವರ ಕಣ್ಣಿಗೂ ಸುಲಭಕ್ಕೆ ಬೀಳದ ತಪ್ಪು ಇದು.

‘ತುಂಬ’ ಎಂದಲ್ಲೆಲ್ಲ ‘ಟೂ ಮಚ್’ ಹಾಕಬೇಡಿ. ಟೂ ಎಂದರೆ ಬೇಕಾದ್ದಕ್ಕಿಂತ ಹೆಚ್ಚು, ಅತಿಯಾಯಿತು ಎಂಬ ಭಾವ. ತುಂಬ ಮಳೆ ಬಂತು ಎನ್ನುವುದಕ್ಕೆ ‘ಎ ಲಾಟ್ ಆಫ್ ರೇನ್’ ಸಾಕು. ‘ವಿ ಹ್ಯಾಡ್ ಮಚ್ ರೇನ್’ ಆಡುಮಾತಿನಲ್ಲಿ ಸಹಜವಾಗಿ ಕೇಳುವುದಿಲ್ಲ, ಏಕೆಂದರೆ ಮಚ್ ಸಾಮಾನ್ಯವಾಗಿ ಪ್ರಶ್ನೆಗೆ ಮತ್ತು ‘ಇಲ್ಲ’ ಎನ್ನುವ ವಾಕ್ಯಕ್ಕೆ ಹೊಂದುವ ಶಬ್ದ. ಎ ಲಾಟ್ ಆಫ್, ಪ್ಲೆಂಟಿ ಆಫ್, ಸಮ್, ಎನಿ, ಇನಫ್, ಆಲ್ ಎರಡೂ ಬಗೆಯ ನಾಮಪದಕ್ಕೆ ನಡೆಯುತ್ತವೆ. ಅನುಮಾನ ಬಂದಾಗ ‘ಎ ಲಾಟ್ ಆಫ್’ ಹಿಡಿದುಕೊಳ್ಳಿ.

ಕಡಿಮೆ ಎನ್ನುವಾಗ ಎಣಿಕೆಗೆ ಫ್ಯೂವರ್, ಅಳತೆಗೆ ಲೆಸ್. ದೂರ, ಹಣ, ಹೊತ್ತು ಒಟ್ಟು ಮೊತ್ತವಾಗಿ ಬಂದರೆ ಸಂಖ್ಯೆ ಇದ್ದರೂ ಲೆಸ್ಸೇ: ‘ಲೆಸ್ ದ್ಯಾನ್ 10 ಕಿಲೋಮೀಟರ್ಸ್’, ‘ಲೆಸ್ ದ್ಯಾನ್ 500 ರುಪೀಸ್’.

ಕೊನೆಗೆ ಕ್ರಿಯಾಪದ. ‘ಎ ಲಾಟ್ ಆಫ್’ ಬಂದಾಗ ಮುಂದಿನ ನಾಮಪದ ನೋಡಿ ತೀರ್ಮಾನಿಸಿ: ‘ಎ ಲಾಟ್ ಆಫ್ ವಾಟರ್ ಈಸ್’, ‘ಎ ಲಾಟ್ ಆಫ್ ಕೋಕನಟ್ಸ್ ಆರ್’. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಎಂದರೆ ಹಲವು ಮಕ್ಕಳು, ಅದಕ್ಕೆ ‘ಆರ್’. ‘ದ ನಂಬರ್ ಆಫ್ ಸ್ಟೂಡೆಂಟ್ಸ್’ ಎಂದರೆ ಮಕ್ಕಳ ಸಂಖ್ಯೆ, ಅದು ಒಂದೇ, ಅದಕ್ಕೆ ‘ಈಸ್’.