ಮೀಟರಿಗೆ 40 ರೂಪಾಯಿ ವೈರಿನಲ್ಲಿ ವೀಣೆ ಕೇಳಿದ್ದು

ಹೋದ ತಿಂಗಳು ಗೆಳೆಯರೊಬ್ಬರು ಮನೆಗೆ ಬಂದು ಎರಡು ಗಂಟೆ ಕೂತು ವೀಣೆ ಕೇಳಿದರು. ಏಳುವಾಗ, "ಕೊನೆಗೂ ಒಳ್ಳೆ ಕೇಬಲ್ ಹಾಕಿದ್ರಲ್ಲ, ಎಷ್ಟಾಯ್ತು?" ಅಂದರು. ಸ್ಪೀಕರ್ ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆ. ಮನೆ ವೈರಿಂಗಿಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವೈರು. ಕೆಂಪು ಒಂದು, ಕಪ್ಪು ಒಂದು, ನಾನೇ ಹುರಿ ಹಾಕಿದ್ದು. ಎರಡು ವರ್ಷದ ಹಿಂದೆ "ಅದನ್ನ ಹಾಕಿದ್ರೆ ಸ್ಪೀಕರಿಗೇ ಅವಮಾನ" ಅಂದಿದ್ದವರು ಇವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರು ಹನುಮಂತನಗರದ ನಮ್ಮ ಮನೆ ಹಳೆಯದು. ಉದ್ದನೆಯ ಹಾಲ್, ರೆಡ್ ಆಕ್ಸೈಡ್ ನೆಲ. ಆಂಪ್ (ಆಂಪ್ಲಿಫೈಯರ್) ಇಡಲು ಜಾಗ ಇರುವುದು ಬಲಗಡೆ ಮೂಲೆಯಲ್ಲಿ ಮಾತ್ರ. ಎಡ ಸ್ಪೀಕರಿಗೆ ವೈರು ಬಾಗಿಲ ಚೌಕಟ್ಟು ಸುತ್ತಿ ಹೋಗಬೇಕು, ಅಂದರೆ 8 ಮೀಟರ್.

"ಸಿಸ್ಟಮ್ ಬೆಲೆಯಲ್ಲಿ 10ರಿಂದ 15 ಪರ್ಸೆಂಟ್ ಕೇಬಲ್‌ಗೆ ಇಡಿ" ಅನ್ನುವ ಮಾತು ನೀವೂ ಕೇಳಿರ್ತೀರಿ. ನಾನು ನಂಬಿದೆ. 3 ಮೀಟರಿನ ಸ್ಪೀಕರ್ ಕೇಬಲ್ ಜೋಡಿಗೆ 34 ಸಾವಿರ, ಪ್ಲೇಯರಿನಿಂದ ಆಂಪಿಗೆ ಸದ್ದು ತರುವ ಆರ್‌ಸಿಎ ಜೋಡಿಗೆ ಒಂಬತ್ತೂವರೆ, ಪವರ್ ಕಾರ್ಡಿಗೆ 12 ಸಾವಿರ. ಒಟ್ಟು 55 ಸಾವಿರ ದಾಟಿತ್ತು. 8 ಮೀಟರಿನ ಜೋಡಿ ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ಆಂಪೇ ಹಾಲ್ ಮಧ್ಯಕ್ಕೆ ಬಂತು, ನೆಲದ ಮೇಲೆ ಕೂತಿತು. ದಿನಾ ಗುಡಿಸುವಾಗ ನನ್ನ ಹೆಂಡತಿಗೆ ಅದೊಂದು ಕಾಟ.

ಇಷ್ಟಾದರೂ ಸ್ಪೀಕರಿನಲ್ಲಿ ಮೊದಲಿನಿಂದ ಇದ್ದ ಹಮ್ ಹೋಗಲಿಲ್ಲ. ಸಂಗೀತ ಕಚೇರಿ ಶುರುವಾಗುವ ಮುಂಚೆ ತಂಬೂರಿ ಮಾತ್ರ ಇರುತ್ತಲ್ಲ, ಆಗ ಅದರ ಕೆಳಗೆ ಗುಂಯ್ ಅಂತ ಇನ್ನೊಂದು ಶ್ರುತಿ. ಅಂಗಡಿಯವರು, "ಕೇಬಲ್ ಪಳಗಬೇಕು ಸರ್, 200 ಗಂಟೆ ಓಡಿಸಿ" ಅಂದರು. ಹಗಲು ರಾತ್ರಿ ಓಡಿಸಿದೆ. ಗುಂಯ್ ಗುಂಯ್ ಆಗೇ ಉಳಿಯಿತು.

ರೋಸಿಹೋಗಿ ಆಂಪನ್ನು ಮತ್ತೆ ಮೂಲೆಗೆ ಸೇರಿಸಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಸಿಗುವ ಪಾರದರ್ಶಕ ಸ್ಪೀಕರ್ ವೈರು ತಂದೆ. ಮೀಟರಿಗೆ 25 ರೂಪಾಯಿ ಇರಬೇಕು. "ಪಕ್ಕಾ ಕಾಪರ್ ಸರ್" ಅಂದಿದ್ದರು. ಮೃದಂಗದ ಎಡಭಾಗ ಸಡಿಲ ಬಿಟ್ಟ ಹಾಗೆ ಕೇಳಿಸಿತು. ಸ್ಕ್ರೂ ಬಿಗಿ ಮಾಡಿದರೆ ಎಳೆಗಳು ಪಟಪಟ ಮುರಿಯುತ್ತಿದ್ದವು. ಅನುಮಾನ ಬಂದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಲೈಟರಿಗೆ ಹಿಡಿದರೆ ತುದಿ ಕರಗಿ ಮುದುರಿತು. ತಾಮ್ರವಾದರೆ ಕೆಂಪಗಾಗುತ್ತೆ, ಹಾಗೇ ಇರುತ್ತೆ. ಈಗ ಯಾವ ಅಂಗಡಿಗೆ ಹೋದರೂ ಜೇಬಿನಲ್ಲಿ ಲೈಟರ್ ಇರುತ್ತೆ.

ನಿಜವಾಗಿ ಕಣ್ಣು ತೆರೆಸಿದ್ದು ಅಳತೆ. ಇಷ್ಟು ಕಡಿಮೆ ರೆಸಿಸ್ಟೆನ್ಸನ್ನು ನಮ್ಮ ಮಲ್ಟಿಮೀಟರ್ ನೇರವಾಗಿ ಸರಿಯಾಗಿ ತೋರಿಸಲ್ಲ. ಅದಕ್ಕೆ ಯುಪಿಎಸ್ ಬ್ಯಾಟರಿ, ಕಾರಿನ 21 ವಾಟಿನ ಇಂಡಿಕೇಟರ್ ಬಲ್ಬು, ಅದರ ಜೊತೆ ಸೀರೀಸ್‌ನಲ್ಲಿ ವೈರು. ಆಚೆ ತುದಿಯಲ್ಲಿ ಎರಡು ಎಳೆಯನ್ನೂ ಸೇರಿಸಿ ಗಂಟು ಹಾಕಿ, ಈಚೆ ತುದಿಯಲ್ಲಿ ವೋಲ್ಟೇಜ್ ನೋಡಿದೆ. ಎಸ್.ಪಿ. ರೋಡ್ ವೈರಿನಲ್ಲಿ ಒಂದೂವರೆ ವೋಲ್ಟ್ ವೈರಿನಲ್ಲೇ ಕಳೆದುಹೋಗ್ತಿತ್ತು. ಬಲ್ಬು ಎಳೆಯುವ ಕರೆಂಟಿಗೆ ಲೆಕ್ಕ ಹಾಕಿದರೆ ಹತ್ರ ಹತ್ರ 1 ಓಮ್. ನನ್ನ ಸ್ಪೀಕರ್ 8 ಓಮ್ ಅಂತ ಬರೆದಿದ್ದರೂ ಕೆಲವು ಫ್ರೀಕ್ವೆನ್ಸಿಗಳಲ್ಲಿ 4ಕ್ಕೆ ಇಳಿಯುತ್ತೆ. ಅಲ್ಲಿ ಒಂದೂಮುಕ್ಕಾಲು ಡೆಸಿಬಲ್ ಹೋಯಿತು, ಬೇರೆ ಕಡೆ ಅರ್ಧವೂ ಹೋಗಲಿಲ್ಲ. ನಾದದ ಬಣ್ಣ ಬದಲಾಗದೆ ಇರುತ್ತಾ?

ಆಮೇಲೆ ಎಲೆಕ್ಟ್ರಿಕಲ್ ಅಂಗಡಿಗಳ ಬಿವಿಕೆ ಅಯ್ಯಂಗಾರ್ ರೋಡಿಗೆ ಹೋಗಿ ತಾಮ್ರದ 2.5 ಸ್ಕ್ವೇರ್ ಮಲ್ಟಿಸ್ಟ್ರಾಂಡ್ ವೈರು, ಎರಡು ಬಣ್ಣ ಸೇರಿ 40 ಮೀಟರ್ ತಂದೆ. ಮೀಟರಿಗೆ 40 ರೂಪಾಯಿ ಆಸುಪಾಸು. ತುದಿಗೆ ಹಾಕುವ ಬನಾನ ಪ್ಲಗ್ ಸೇರಿ 2,100ರ ಒಳಗೆ ಮುಗಿಯಿತು. ಅದೇ ಬಲ್ಬಿನ ಪರೀಕ್ಷೆಯಲ್ಲಿ 0.23 ವೋಲ್ಟ್. 8 ಮೀಟರ್ ಹೋಗಿ ಬರುವ ದಾರಿಗೆ 0.13 ಓಮ್, ಅಷ್ಟೇ.

ಹುರಿ ಹಾಕಿದ್ದು ಹೀಗೆ. ಎರಡೂ ವೈರಿನ ಒಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿ ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿ, ಎಳೆದು ಹಿಡಿದು ನಿಧಾನಕ್ಕೆ ತಿರುಗಿಸಿದೆ. ಒಂದು ಅಡಿ ಉದ್ದಕ್ಕೆ ಎಷ್ಟು ಸುತ್ತು ಅನ್ನುವುದು ಮಾತ್ರ ನನ್ನ ಹತ್ರಾನೇ ಇರಲಿ. ಅದಕ್ಕೆ ಮೂರು ಜೋಡಿ ಹಾಳು ಮಾಡಿದ್ದೇನೆ. ತುದಿಗೆ ಬೆಸುಗೆ ಬಳಿದು ಸ್ಕ್ರೂ ಕೆಳಗೆ ಸಿಕ್ಕಿಸಬೇಡಿ. ಮೊದಲ ಸಲ ಹಾಗೇ ಮಾಡಿದ್ದೆ. ಬೆಸುಗೆ ಮೆತ್ತಗೆ ಜರುಗಿ ಆರು ತಿಂಗಳಲ್ಲಿ ಸ್ಕ್ರೂ ಸಡಿಲ, ಒಂದು ಚಾನಲ್‌ನಲ್ಲಿ ಚರಚರ.

ಈ ವೈರೂ ದುಬಾರಿ ಕೇಬಲ್ಲೂ ಕಿವಿಗೆ ಒಂದೇ ಅಂದರೆ ಗೆಳೆಯರು ಒಪ್ಪಲಿಲ್ಲ. ಒಂದು ಭಾನುವಾರ ಮೂವರನ್ನು ಕರೆದೆ. ಆಂಪನ್ನು ಮತ್ತೆ ಮಧ್ಯಕ್ಕೆ ತಂದೆ. ಒಂದು ಕಡೆ 34 ಸಾವಿರದ 3 ಮೀಟರ್ ಕೇಬಲ್, ಇನ್ನೊಂದು ಕಡೆ ನನ್ನ 8 ಮೀಟರ್ ವೈರು. 400 ಹರ್ಟ್ಸ್ ಸದ್ದು ಹಾಕಿ ಸ್ಪೀಕರ್ ಹಿಂದೆ ವೈರು ಸೇರುವ ಕಡೆ ಅಳೆದರೆ ಒಂದರಲ್ಲಿ 2.00 ವೋಲ್ಟ್, ಇನ್ನೊಂದರಲ್ಲಿ 1.97. ಪರದೆ ಹಿಂದೆ ಮಗಳು ಪ್ಲಗ್ ಬದಲಾಯಿಸೋದು, "ಅಪ್ಪಾ, ಆಯ್ತು" ಅನ್ನೋದು. ಯಾವುದು ಹಾಕಿದ್ದಾಳೆ ಅಂತ ನನಗೂ ಗೊತ್ತಿರಲಿಲ್ಲ. ತಲಾ 16 ಸಲ. ಎಲ್ಲರಿಗಿಂತ ಜೋರಾಗಿ ವಾದ ಮಾಡಿದವರು 9 ಸರಿ ಹೇಳಿದರು. ಇನ್ನಿಬ್ಬರು 7, 8. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತೆ. ಅವತ್ತು ನನಗೆ ತುಂಬಾ ಖುಷಿಯಾಯಿತು, ಸುಳ್ಳು ಹೇಳಲ್ಲ.

ಇನ್ನು ಹಮ್. ಇದಕ್ಕೆ ಕಳೆದ ದಿನಗಳಿಗೆ ಲೆಕ್ಕವಿಲ್ಲ. ಒಮ್ಮೆ ಯಾರೋ ಹೇಳಿದರು ಅಂತ ಆಂಪಿನ ಅರ್ತ್ ಪಿನ್ ಬಿಡಿಸಿದ್ದೆ. ಹಮ್ ನಿಂತಿತು. ಮಾರನೇ ದಿನ ಬರಿಗಾಲಲ್ಲಿ ಆಂಪ್ ಮುಟ್ಟಿದ ಹೆಂಡತಿಗೆ ಜುಂ ಅಂತು. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಆಮೇಲೆ ಒಂದೊಂದೇ ವೈರು ಕಿತ್ತು ನೋಡುತ್ತಾ ಹೋದೆ. ಟಿವಿ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೋಆಕ್ಸ್ ತಿರುಚಿ ತೆಗೆದ ಕ್ಷಣ ಹಾಲ್ ನಿಶ್ಶಬ್ದ. ತಾರಸಿಯಿಂದ ಬರುವ ಆ ಕೇಬಲ್ಲಿಗೆ ಅದರದ್ದೇ ಬೇರೆ ಅರ್ತ್, ಆಂಪಿಗೆ ಬೇರೆ. ಎರಡೂ ಆರ್‌ಸಿಎ ಮೂಲಕ ಸೇರಿ ಲೂಪ್ ಆಗಿತ್ತು. ಟಿವಿಯಿಂದ ಡ್ಯಾಕ್‌ಗೆ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡಿ ಆಂಪಿಗೆ ಕೊಡುವ ಪೆಟ್ಟಿಗೆ) ಆರ್‌ಸಿಎ ಬಿಟ್ಟು ಆಪ್ಟಿಕಲ್ ಕೇಬಲ್ ಹಾಕಿದೆ. ಬೆಳಕಿನಲ್ಲಿ ಅರ್ತ್ ಹರಿಯಲ್ಲ ಅಲ್ವಾ. 350 ರೂಪಾಯಿ. ನನ್ನ ಸಿಸ್ಟಮ್ಮಿಗೆ ಅತಿ ಹೆಚ್ಚು ಉಪಕಾರ ಮಾಡಿದ ಕೇಬಲ್ ಇದೇ.

ಮಧ್ಯೆ ಒಂದು ಪ್ರಯೋಗ. ಮೂರು ಲ್ಯಾನ್ ಕೇಬಲ್ ಜಡೆ ಹೆಣೆದು ಸ್ಪೀಕರಿಗೆ ಹಾಕಿದೆ. ಎರಡು ರಾತ್ರಿ ಕೂತು ಹೆಣೆದಿದ್ದು, ನೋಡಲು ಬಹಳ ಚೆಂದ. ಹತ್ತೇ ನಿಮಿಷದಲ್ಲಿ ಆಂಪ್ ಕೈ ಇಡಲಾಗದಷ್ಟು ಬಿಸಿ. ಕೆಪಾಸಿಟೆನ್ಸ್ (ಎರಡು ವೈರಿನ ಮಧ್ಯೆ ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿಯಾಗಿ ಆಂಪ್ ಒದ್ದಾಡುತ್ತಿತ್ತು. ತಕ್ಷಣ ಕಿತ್ತೆ.

ಕೇಬಲ್ ಬದಲಾಯಿಸಿದ್ದು ಕಿವಿಗೆ ಖಂಡಿತ ಗೊತ್ತಾಗಿದ್ದು ಟರ್ನ್‌ಟೇಬಲ್ಲಿನಲ್ಲಿ, ಅಂದರೆ ರೆಕಾರ್ಡ್ ಪ್ಲೇಯರಿನಲ್ಲಿ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ರೆಕಾರ್ಡ್ ಓದುವ ಮುಳ್ಳಿನ ತಲೆಯಲ್ಲಿ ಒಂದು ಬಗೆ) ಇರುವವರು ಇದನ್ನು ಗಮನಿಸಿ. ನನ್ನದಕ್ಕೆ ಕೆಪಾಸಿಟೆನ್ಸ್ ಎಲ್ಲಾ ಸೇರಿ 200 ಪಿಕೋಫ್ಯಾರಡ್ ಒಳಗಿರಬೇಕು. ಹಳೆಯ ಉದ್ದ ಆರ್‌ಸಿಎ ಒಂದೇ ಸುಮಾರು 380 ತೋರಿಸಿತು. ಪಿಟೀಲು ಚುಚ್ಚುತ್ತಿತ್ತು. ಮೀಟರಿಗೆ 67ರಷ್ಟಿರುವ ಆರ್‌ಜಿ-59 ಕೋಆಕ್ಸನ್ನು ಒಂದು ಮೀಟರಿಗೆ ಕತ್ತರಿಸಿ ಪ್ಲಗ್ ಬೆಸೆದೆ. ಖರ್ಚು 200 ರೂಪಾಯಿಯೂ ಇಲ್ಲ. ಚುಚ್ಚುವುದು ನಿಂತಿತು. ಶೀಲ್ಡನ್ನು ಪ್ಲಗ್ಗಿಗೆ ಸೇರಿಸಿದ ರೀತಿ ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರೆಯಲ್ಲ.

34 ಸಾವಿರದ ಜೋಡಿಯನ್ನು 19 ಸಾವಿರಕ್ಕೆ ಮಾರಿದೆ. ಆ ದುಡ್ಡಿನಲ್ಲಿ ದಪ್ಪ ಪರದೆ, ಎರಡು ದೊಡ್ಡ ಜಮಖಾನ, ಸ್ಪೀಕರ್ ಹಿಂದಿನ ಮೂಲೆಗಳಿಗೆ ಹತ್ತಿ ತುಂಬಿಸಿದ ಗಾದಿ ಬಂತು. ಚಪ್ಪಾಳೆ ತಟ್ಟಿದರೆ ಖಣಖಣ ಅನ್ನುತ್ತಿದ್ದ ಹಾಲ್ ಈಗ ಅನ್ನಲ್ಲ. ಬಲಗಡೆ ವೈರನ್ನು ಆಮೇಲೆ 3 ಮೀಟರಿಗೆ ಇಳಿಸಿದೆ. ಉಳಿದ 5 ಮೀಟರ್ ಹುರಿಯನ್ನು ಶುರುವಿನಲ್ಲಿ ಹೇಳಿದ ಗೆಳೆಯರು ಕಾಗದದಲ್ಲಿ ಸುತ್ತಿಕೊಂಡು ತಮ್ಮ ಮನೆಗೆ ತೆಗೆದುಕೊಂಡು ಹೋದರು. ಸಾಲದೆ ಬಂದು, ಬರುವ ಶನಿವಾರ ಇಬ್ಬರೂ ಬಿವಿಕೆ ಅಯ್ಯಂಗಾರ್ ರೋಡಿಗೆ ಹೋಗ್ತಿದ್ದೇವೆ.