ನಿರ್ಬಂಧ ಬಿದ್ದ ದೇಶಕ್ಕೆ ಆಸ್ಪತ್ರೆ ಸಾಮಾನು ಹೋಗುತ್ತಿದೆಯೇ? ಲೆಕ್ಕ ಓದುವ ಬಗೆ

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವವನು ನಾನು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ ಇವುಗಳ ನಡುವೆಯೇ ನನ್ನ ಹೊತ್ತು ಮುಳುಗುತ್ತದೆ. ವೈದ್ಯಕೀಯದ ಗಂಧಗಾಳಿ ನನಗಿಲ್ಲ. ಆದರೆ ಕಸ್ಟಮ್ಸ್‌ನವರ ಕಣ್ಣಿಗೆ ರೊಬಸ್ಟಾ ಚೆರ್ರಿಯೂ ಸಿಟಿ ಸ್ಕ್ಯಾನರೂ ಒಂದೇ; ಎರಡಕ್ಕೂ ಒಂದೊಂದು ಎಚ್‌ಎಸ್ ಕೋಡ್, ಅಂದರೆ ಸರಕು ಯಾವುದೆಂದು ಗುರುತಿಸಲು ದೇಶದೇಶಗಳ ಕಸ್ಟಮ್ಸ್ ಬಳಸುವ ಸಂಖ್ಯೆ. ಕಾಫಿ ಬೀಜ 0901, ಇನ್‌ಸ್ಟಂಟ್ ಕಾಫಿ 2101, ಎಕ್ಸ್‌ರೇ ಯಂತ್ರ 9022. ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ಅಣ್ಣನ ಮಗಳು ಇರಾನ್ ಮತ್ತು ರಷ್ಯಾದ ವೈದ್ಯಕೀಯ ಉಪಕರಣ ಆಮದಿನ ಮೇಲೆ ಕಿರುಪ್ರಬಂಧ ಬರೆಯಲು ಹೊರಟಾಗ ಅವಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಕಂಪ್ಯೂಟರ್, ಎಕ್ಸೆಲ್, ಒಂದಿಷ್ಟು ತಾಳ್ಮೆ ಇದ್ದರೆ ಸಾಕು, ಕಾಸಿನ ಖರ್ಚಿಲ್ಲ.

ಅವಳು ಕಾಯ್ದೆಗಳನ್ನು ಓದಿಕೊಂಡು ಬಂದಿದ್ದಳು. "ಚಿಕ್ಕಪ್ಪ, ಔಷಧಿಗೂ ವೈದ್ಯಕೀಯ ಉಪಕರಣಕ್ಕೂ ವಿನಾಯಿತಿ ಇದೆಯಲ್ಲ, ಮತ್ತೆ ಆಮದು ಯಾಕೆ ಬೀಳಬೇಕು?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕ 2000ದಲ್ಲೇ ಕಾಯ್ದೆ ಮಾಡಿ, ನಿರ್ಬಂಧವಿರುವ ದೇಶಗಳಿಗೂ ಆಹಾರ, ಔಷಧಿ, ವೈದ್ಯಕೀಯ ಉಪಕರಣ ಮಾರಲು ದಾರಿ ಬಿಟ್ಟಿದೆ. ಆದರೆ ಕಾಯ್ದೆ ಬಿಟ್ಟಿದ್ದನ್ನೆಲ್ಲ ಬ್ಯಾಂಕ್ ಬಿಡುತ್ತದೆ ಎಂದುಕೊಂಡವರು ಒಮ್ಮೆಯೂ ಕಂಟೇನರ್ ಕಳುಹಿಸಿದವರಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕೋಡ್‌ಗಳನ್ನು ಆರಿಸಿಕೊಳ್ಳುವುದು

"ವೈದ್ಯಕೀಯ ಉಪಕರಣ" ಎಂಬ ಒಂದೇ ಬಾಬ್ತು ಕಸ್ಟಮ್ಸ್ ಪುಸ್ತಕದಲ್ಲಿಲ್ಲ. ಅದನ್ನು ನೀವೇ ಕೂಡಿಸಿಕೊಳ್ಳಬೇಕು. 9018ರಲ್ಲಿ ವೈದ್ಯಕೀಯ, ಶಸ್ತ್ರಚಿಕಿತ್ಸೆ ಮತ್ತು ದಂತವೈದ್ಯದ ಸಾಧನಗಳಿವೆ. 9021ರಲ್ಲಿ ಕೃತಕ ಕೀಲು, ಪೇಸ್‌ಮೇಕರ್, ಶ್ರವಣ ಸಾಧನ. 9022ರಲ್ಲಿ ಎಕ್ಸ್‌ರೇ ಮತ್ತು ಸಿಟಿ. ವೆಂಟಿಲೇಟರ್, ಆಕ್ಸಿಜನ್ ಕಾನ್ಸಂಟ್ರೇಟರ್ 9019ರೊಳಗೆ ಬರುತ್ತವೆ. ಆದರೆ ಅದೇ 9019ರಲ್ಲಿ ಮಸಾಜ್ ಯಂತ್ರಗಳೂ ಇವೆ, ಆದ್ದರಿಂದ 901920 ಮಾತ್ರ ತೆಗೆದುಕೊಳ್ಳಿ. ಆಪರೇಷನ್ ಟೇಬಲ್ ಮತ್ತು ಆಸ್ಪತ್ರೆ ಮಂಚ ಇರುವ 9402ರಲ್ಲಿ ಕ್ಷೌರದ ಅಂಗಡಿಯ ಕುರ್ಚಿಯೂ ಕೂತಿದೆ! ದಂತವೈದ್ಯರ ಕುರ್ಚಿ ಮತ್ತು ಕ್ಷೌರದ ಕುರ್ಚಿ ಎರಡೂ ಒಟ್ಟಿಗೆ 940210. ಅದನ್ನು ಬಿಟ್ಟು 940290 ಸೇರಿಸಿಕೊಳ್ಳಿ.

ನಾಲ್ಕು ಅಂಕಿಯ ಮಟ್ಟದಲ್ಲಿ ನಿಂತರೆ ಏನೂ ಕಾಣುವುದಿಲ್ಲ. ಆರು ಅಂಕಿಗೆ ಇಳಿಯಬೇಕು. ಅಲ್ಟ್ರಾಸೌಂಡ್ 901812, ಎಂಆರ್‌ಐ 901813, ಸಿರಿಂಜ್ 901831, ಕ್ಯಾತಿಟರ್ ಮುಂತಾದವು 901839, ಸಿಟಿ ಸ್ಕ್ಯಾನರ್ 902212, ಎಕ್ಸ್‌ರೇ ಟ್ಯೂಬ್ 902230, ಬಿಡಿಭಾಗಗಳು 902290. 901890 ಎಂಬುದೊಂದಿದೆ, "ಇತರೆ". ಎಲ್ಲಿಯೂ ಸೇರದ್ದೆಲ್ಲ ಅದರೊಳಗೆ. ಮೊತ್ತ ಬಹಳ ದೊಡ್ಡದು, ಅರ್ಥ ಬಹಳ ಕಡಿಮೆ. ಅದನ್ನು ಬೇರೆ ಸಾಲಿನಲ್ಲಿಡಿ, ಅದರ ಏರಿಳಿತದ ಮೇಲೆ ವಾದ ಕಟ್ಟಬೇಡಿ.

ಇನ್ನೊಂದು ಗುಂಡಿ ಪರೀಕ್ಷಾ ಕಿಟ್‌ಗಳಲ್ಲಿದೆ. ಎಚ್‌ಎಸ್ ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತದೆ. ಇತ್ತೀಚಿನದು 2022ರ ಜನವರಿ 1ರಿಂದ ಜಾರಿಗೆ ಬಂತು. ಅಲ್ಲಿಯವರೆಗೆ 382200 ಎಂದು ಒಂದೇ ಆಗಿದ್ದದ್ದು 382211, 382212, 382213, 382219 ಎಂದೆಲ್ಲ ಒಡೆಯಿತು. ರಷ್ಯಾದ ಮೇಲೆ ಭಾರೀ ನಿರ್ಬಂಧ ಬಿದ್ದದ್ದೂ ಅದೇ ವರ್ಷದ ಫೆಬ್ರವರಿ ಕೊನೆಯಿಂದ. ಹಳೆಯ ಕೋಡ್ ಹಾಕಿ ಹುಡುಕಿದವರಿಗೆ 2022ರಲ್ಲಿ ಕಿಟ್‌ಗಳ ವ್ಯಾಪಾರವೇ ನಿಂತುಹೋದಂತೆ ಕಾಣುತ್ತದೆ. ನಿಂತಿಲ್ಲ, ಬಾಗಿಲ ಸಂಖ್ಯೆ ಬದಲಾಗಿದೆ.

ಕೊಂಡವರನ್ನು ಬಿಟ್ಟು ಮಾರಿದವರನ್ನು ಕೇಳಿ

ರಷ್ಯಾದ ಕಸ್ಟಮ್ಸ್ ಇಲಾಖೆ 2022ರ ಏಪ್ರಿಲ್‌ನಲ್ಲಿ ವಿವರವಾದ ಆಮದು ಅಂಕಿಗಳ ಪ್ರಕಟಣೆ ನಿಲ್ಲಿಸಿತು. ಆ ಬಳಿಕ ಬಿಟ್ಟದ್ದು ಸ್ಥೂಲ ಮೊತ್ತಗಳನ್ನು ಮಾತ್ರ. ಇರಾನಿನ ತೊಡಕು ಬೇರೆ. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಡಾಲರಿಗೆ 42,000 ರಿಯಾಲ್ ಎಂದು ದರ ನಿಗದಿ ಮಾಡಿ, ಔಷಧಿಯಂಥ ಅಗತ್ಯ ವಸ್ತುಗಳ ಆಮದಿಗೆ ಆ ಅಗ್ಗದ ಡಾಲರ್ ಕೊಟ್ಟಿತು. ಮಾರುಕಟ್ಟೆಯಲ್ಲಿ ಡಾಲರ್ ಅದಕ್ಕಿಂತ ಎಷ್ಟೋ ದುಬಾರಿ. ಇಂಥ ಕಡೆ ಇನ್‌ವಾಯ್ಸ್ ಬೆಲೆಯನ್ನು ಉಬ್ಬಿಸಿ ಬರೆದರೆ ಅಗ್ಗದ ಡಾಲರ್ ಹೆಚ್ಚು ಸಿಗುತ್ತದೆ. ಆಮದುದಾರ ಬರೆದ ಮೊತ್ತವನ್ನು ಹಾಗೆಯೇ ನಂಬುವಂತಿಲ್ಲ.

ಅದಕ್ಕೇ ದೇಶದೇಶಗಳ ವ್ಯಾಪಾರದ ಅಂಕಿ ಸಿಗುವ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಜಾಲತಾಣ ತೆರೆಯಿರಿ. ವರದಿ ಮಾಡುವ ದೇಶ ಎಂಬಲ್ಲಿ ಎಲ್ಲ ದೇಶಗಳು, ಪಾಲುದಾರ ಎಂಬಲ್ಲಿ ರಷ್ಯಾ, ವ್ಯಾಪಾರದ ದಿಕ್ಕು ರಫ್ತು, ಕೋಡ್ ಆರು ಅಂಕಿ. ಜರ್ಮನಿ, ಚೀನಾ, ಜಪಾನ್, ಅಮೆರಿಕ, ನೆದರ್ಲೆಂಡ್ಸ್, ಟರ್ಕಿ, ಭಾರತ ಹೀಗೆ ಒಬ್ಬೊಬ್ಬರೂ "ನಾನು ರಷ್ಯಾಕ್ಕೆ ಇಷ್ಟು ಮಾರಿದೆ" ಎಂದು ಬರೆದದ್ದು ಸಾಲಾಗಿ ಬರುತ್ತದೆ. ಕೂಡಿಸಿದರೆ ರಷ್ಯಾ ಕೊಂಡದ್ದರ ಅಂದಾಜು. ಇದನ್ನು ಮಿರರ್ ಡೇಟಾ ಎನ್ನುತ್ತಾರೆ. ಕೂಡಿಸುವಾಗ ಒಂದು ಎಚ್ಚರ: ಕಾಮ್‌ಟ್ರೇಡ್‌ನ ರಫ್ತು ಮೊತ್ತದಲ್ಲಿ ಮರುರಫ್ತು (ಹೊರಗಿನಿಂದ ತಂದು ಹಾಗೆಯೇ ಮತ್ತೆ ಹೊರಗೆ ಕಳುಹಿಸಿದ್ದು) ಸೇರಿಯೇ ಇರುತ್ತದೆ, ಪ್ರತ್ಯೇಕ ಸಾಲಿನಲ್ಲೂ ಕಾಣಿಸುತ್ತದೆ. ಎರಡನ್ನೂ ಕೂಡಿಸಿದರೆ ಅದೇ ಯಂತ್ರವನ್ನು ಎರಡು ಸಲ ಎಣಿಸಿದಂತೆ.

ಎರಡು ಕಡೆಯ ಲೆಕ್ಕ ಎಂದೂ ಪೈಸೆಗೆ ಪೈಸೆ ಹೊಂದುವುದಿಲ್ಲ. ಹೊಂದದಿದ್ದ ಮಾತ್ರಕ್ಕೆ ಕಳ್ಳಸಾಗಣೆ ಎನ್ನಬೇಡಿ. ನಮ್ಮ ಕಾಫಿಯನ್ನೇ ನೋಡಿ. ಮಂಗಳೂರಿನಿಂದ ಇಟಲಿಗೆ ಹೋಗುವ ಕಂಟೇನರಿಗೆ ನಾನು ಬರೆಯುವುದು ಎಫ್‌ಒಬಿ ಬೆಲೆ, ಅಂದರೆ ಹಡಗಿಗೆ ಹತ್ತಿಸುವವರೆಗಿನದು. ಇಟಲಿಯವರು ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಸಿಐಎಫ್ ಬರೆದುಕೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ನಾನು ಕಳುಹಿಸಿದ್ದು ಅವರ ಪುಸ್ತಕದಲ್ಲಿ ಮುಂದಿನ ವರ್ಷದ್ದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ಸಕಲೇಶಪುರದಲ್ಲೇ ನಿಂತರೆ ನಮ್ಮ ಜುಲೈ ಲೆಕ್ಕ ಆಗಸ್ಟಿಗೆ ಜಾರುತ್ತದೆ. ಯಾರೋ ಒಬ್ಬರು ಅದನ್ನು ನೋಡಿ "ಜುಲೈನಲ್ಲಿ ಕಾಫಿ ರಫ್ತು ಕುಸಿತ" ಎಂದು ಬರೆದರೆ ನಗು ಬರುವುದಿಲ್ಲವೇ? ಹಾಗಾಗಿ ಒಂದೇ ತಿಂಗಳ ಅಂಕಿ ಹಿಡಿದು ಕೂರಬೇಡಿ, ಮೂರು ಮೂರು ತಿಂಗಳು ಕೂಡಿಸಿ ನೋಡಿ.

ವರ್ಷದ ಲೆಕ್ಕದಲ್ಲೂ ಹೀಗೆಯೇ. ನಮ್ಮ ವಾಣಿಜ್ಯ ಇಲಾಖೆಯ ವಾರ್ಷಿಕ ಅಂಕಿಗಳು ಏಪ್ರಿಲ್‌ನಿಂದ ಮಾರ್ಚ್‌ವರೆಗಿನವು. ಇರಾನಿನ ವರ್ಷ ಮಾರ್ಚ್ 21ರ ಸುಮಾರಿಗೆ, ನಮ್ಮ ಯುಗಾದಿಯ ಆಸುಪಾಸಿನಲ್ಲಿ ಆರಂಭ. ಜನವರಿಯಿಂದ ಶುರುವಾಗುವ ಅಂಕಿಯ ಪಕ್ಕ ಇವುಗಳನ್ನು ಇಟ್ಟು ಗೀಟು ಎಳೆದರೆ ಸುಳ್ಳು ಗೀಟು.

ತಾರೀಖುಗಳ ಪಟ್ಟಿ

ಅಂಕಿ ಬಿಡಿಸುವ ಮೊದಲೇ ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದುಕೊಳ್ಳಿ. ಗೀಟು ಬಿದ್ದದ್ದು ಕಂಡ ಮೇಲೆ ಕಾರಣ ಹುಡುಕಲು ಹೊರಟರೆ ಕಣ್ಣಿಗೆ ಬಿದ್ದದ್ದೇ ಕಾರಣವಾಗಿಬಿಡುತ್ತದೆ.

ಇರಾನಿಗೆ: ಪರಮಾಣು ಒಪ್ಪಂದ ಜಾರಿಯಾಗಿ ನಿರ್ಬಂಧ ಸಡಿಲವಾದದ್ದು 2016ರ ಜನವರಿ 16. ಅಮೆರಿಕ ಹೊರನಡೆದದ್ದು 2018ರ ಮೇ 8. ನಿರ್ಬಂಧ ಮರಳಿದ್ದು ಆಗಸ್ಟ್ 7 ಮತ್ತು ನವೆಂಬರ್ 5. 2019ರ ಸೆಪ್ಟೆಂಬರ್ 20ರಂದು ಅಮೆರಿಕ ಇರಾನಿನ ಕೇಂದ್ರ ಬ್ಯಾಂಕನ್ನೇ ಭಯೋತ್ಪಾದನೆಯ ಕಲಮಿನಡಿ ನಿರ್ಬಂಧದ ಪಟ್ಟಿಗೆ ಸೇರಿಸಿತು. ಆಗ ಔಷಧಿ, ಉಪಕರಣದ ಹಣ ಪಾವತಿಗೂ ಕಲ್ಲು ಬಿತ್ತು. ಅದಕ್ಕೆ ಪ್ರತ್ಯೇಕ ಪರವಾನಗಿ ಕೊಟ್ಟದ್ದು 2020ರ ಫೆಬ್ರವರಿ 27ರಂದು. ಯುರೋಪಿನವರು ಕಟ್ಟಿದ ಇನ್‌ಸ್ಟೆಕ್ಸ್ ಎಂಬ ಪಾವತಿ ವ್ಯವಸ್ಥೆಯಲ್ಲಿ ಮೊದಲ ವಹಿವಾಟು ಮುಗಿದದ್ದು 2020ರ ಮಾರ್ಚ್ 31ಕ್ಕೆ, ವೈದ್ಯಕೀಯ ಸಾಮಗ್ರಿಯದ್ದೇ. 2023ರಲ್ಲಿ ಅದನ್ನು ಮುಚ್ಚಿದರು.

ರಷ್ಯಾಕ್ಕೆ: 2022ರ ಮಾರ್ಚ್ 12ರಿಂದ ಅಲ್ಲಿನ ಏಳು ಬ್ಯಾಂಕುಗಳು ಸ್ವಿಫ್ಟ್ ಎಂಬ, ದೇಶದೇಶಗಳ ಬ್ಯಾಂಕುಗಳು ಪಾವತಿಯ ಸಂದೇಶ ಕಳುಹಿಸುವ ಜಾಲದಿಂದ ಹೊರಗೆ. ಮಾರ್ಚ್ 29ರಂದು, ತಯಾರಕರ ಒಪ್ಪಿಗೆಯಿಲ್ಲದೆ ಬೇರೆ ದೇಶದ ಮೂಲಕ ಸರಕು ತರಿಸುವ ಸಮಾನಾಂತರ ಆಮದಿಗೆ ಅಲ್ಲಿನ ಸರ್ಕಾರದ ಒಪ್ಪಿಗೆ. 2023ರ ಡಿಸೆಂಬರ್ 22ರಂದು ಮೂರನೆಯ ದೇಶಗಳ ಬ್ಯಾಂಕುಗಳ ಮೇಲೂ ಕ್ರಮ ಜರುಗಿಸಬಹುದೆಂಬ ಅಮೆರಿಕದ ಆದೇಶ. ಟರ್ಕಿ, ಯುಎಇ, ಚೀನಾದಿಂದ ಪಾವತಿಗಳು ತಡವಾಗತೊಡಗಿದ್ದು ಇದರ ನಂತರ.

ಈ ಪಟ್ಟಿಯನ್ನೊಮ್ಮೆ ನೋಡಿ. "ವೈದ್ಯಕೀಯ ಉಪಕರಣ ನಿಷೇಧ" ಎಂಬ ಸಾಲು ಎಲ್ಲಿದೆ? ಬಹುಪಾಲು ಬ್ಯಾಂಕ್, ಪಾವತಿ, ಮಾರ್ಗ. 2022ರ ಮಾರ್ಚ್ 1ರಂದು ಮಾರ್ಸ್ಕ್, ಎಂಎಸ್‌ಸಿ ಹಡಗು ಕಂಪನಿಗಳು ರಷ್ಯಾಕ್ಕೆ ಬುಕಿಂಗ್ ನಿಲ್ಲಿಸಿದಾಗಲೂ ಆಹಾರ, ವೈದ್ಯಕೀಯ ಸಾಮಗ್ರಿ, ಮಾನವೀಯ ನೆರವು ಇವುಗಳನ್ನು ಹೊರತುಪಡಿಸಿದ್ದವು. ನಮ್ಮ ಕಾಫಿಯನ್ನೂ ಯಾರೂ ನಿಷೇಧಿಸಿರಲಿಲ್ಲ. ಆದರೂ ಆ ಬೇಸಿಗೆಯಲ್ಲಿ ರಷ್ಯಾದ ಕೊಳ್ಳುಗರೊಬ್ಬರ ಹಣ ಮಧ್ಯದ ಒಂದು ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತು. ಸರಕು ಏನು, ಹಡಗು ಯಾವುದು, ಅಂತಿಮ ಬಳಕೆದಾರ ಯಾರು, ಅವರ ಮಾಲೀಕ ಯಾರು ಎಂದು ಪತ್ರದ ಮೇಲೆ ಪತ್ರ. ಕಾಫಿಯ ಅಂತಿಮ ಬಳಕೆದಾರ ಯಾರೆಂದು ಏನು ಬರೆಯಲಿ, ಬೆಳಿಗ್ಗೆ ಎದ್ದು ಕಾಫಿ ಕುಡಿಯುವವನು ಎಂದೇ? ಸಿಟಿ ಸ್ಕ್ಯಾನರ್ ಮಾರುವವನಿಗೆ ಇದರ ಹತ್ತು ಪಟ್ಟು ಪ್ರಶ್ನೆ. ದಂಡದ ಭಯಕ್ಕೆ ಬ್ಯಾಂಕಿನವರು ಬೇಡವೆಂದು ಕೈತೊಳೆದುಕೊಳ್ಳುತ್ತಾರೆ, ಮಾರುವವನೂ ತೆಪ್ಪಗಾಗುತ್ತಾನೆ. ವಿನಾಯಿತಿ ಕಾಗದದಲ್ಲೇ ಉಳಿಯುತ್ತದೆ.

ಭಾರತ ಮತ್ತು ಇರಾನ್ ನಡುವಿನದ್ದು ಇನ್ನೂ ಸ್ಪಷ್ಟವಾದ ಉದಾಹರಣೆ. ಇರಾನಿನ ತೈಲಕ್ಕೆ ನಾವು ಕೊಡುವ ರೂಪಾಯಿ ಯುಕೋ ಬ್ಯಾಂಕಿನ ಖಾತೆಯಲ್ಲಿ ಜಮೆಯಾಗುತ್ತಿತ್ತು. ಆ ರೂಪಾಯಿಯಿಂದಲೇ ಅವರು ನಮ್ಮ ಬಾಸ್ಮತಿ, ಚಹಾ, ಔಷಧಿ ಕೊಳ್ಳುತ್ತಿದ್ದರು. 2019ರ ಮೇ ತಿಂಗಳಲ್ಲಿ ತೈಲಕ್ಕೆ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದು ನಾವು ತೈಲ ತರಿಸುವುದು ನಿಂತಿತು. ಖಾತೆಗೆ ಹೊಸ ರೂಪಾಯಿ ಬರಲಿಲ್ಲ. ಅಕ್ಕಿಗಾಗಲಿ ಮಾತ್ರೆಗಾಗಲಿ ಹೊಸ ನಿಷೇಧ ಬಂದಿರಲಿಲ್ಲ, ಕೊಳ್ಳುವ ಹಣ ಬತ್ತುತ್ತ ಹೋಯಿತು. ಆದ್ದರಿಂದ ಒಂದು ದೇಶದ ಸಿರಿಂಜ್ ಆಮದು ಏಕೆ ಬಿತ್ತೆಂದು ತಿಳಿಯಬೇಕಾದರೆ ಆ ದೇಶ ಅದೇ ಹೊತ್ತಿಗೆ ಏನನ್ನು ಮಾರಲಾಗದೆ ಹೋಯಿತು ಎಂಬುದನ್ನೂ ನೋಡಿ.

ಯಂತ್ರ ಬೇರೆ, ಟ್ಯೂಬ್ ಬೇರೆ

ಒಟ್ಟು ಮೊತ್ತಕ್ಕಿಂತ ನನಗೆ ಹೆಚ್ಚು ಹೇಳುವುದು ಇದು. ಸಿಟಿ ಸ್ಕ್ಯಾನರ್ ಒಮ್ಮೆ ಬಂದು ಕೂತರೆ ವರ್ಷಗಟ್ಟಲೆ ಇರುತ್ತದೆ, ಆದರೆ ಅದರೊಳಗಿನ ಎಕ್ಸ್‌ರೇ ಟ್ಯೂಬ್ ಸವೆಯುವ ವಸ್ತು. ನಮ್ಮ ಊರಿನಲ್ಲಿ ಯಂತ್ರ ರಿಪೇರಿ ಮಾಡುವ ಪರಿಚಯದವರೊಬ್ಬರು ಹಳೆಯದೊಂದನ್ನು ಬಿಚ್ಚಿ ತೋರಿಸಿದ್ದರು. ನಿರ್ವಾತದೊಳಗೆ ತಟ್ಟೆಯಂಥ ಒಂದು ಲೋಹದ ಚಕ್ರ, ಅದರ ಅಂಚಿನ ಸುತ್ತ ಎಲೆಕ್ಟ್ರಾನುಗಳ ಹೊಡೆತಕ್ಕೆ ಸುಟ್ಟು ಒರಟಾದ ಒಂದು ಪಟ್ಟೆ. ಬೆರಳಿಗೆ ಮರಳಿನ ಹಾಗೆ ತಾಗುತ್ತಿತ್ತು. ಟ್ಯೂಬ್ ಹೋದರೆ ಕೋಟಿ ಬೆಲೆಯ ಯಂತ್ರ ಮೂಲೆಗೆ.

ಎಕ್ಸೆಲ್‌ನಲ್ಲಿ ಎರಡು ಸಾಲು ಮಾಡಿ. ಒಂದರಲ್ಲಿ 902212, ಇನ್ನೊಂದರಲ್ಲಿ 902230 ಮತ್ತು 902290 ಕೂಡಿಸಿದ್ದು. ಟ್ಯೂಬ್, ಬಿಡಿಭಾಗಗಳ ಕೋಡ್ ಎಲ್ಲ ಎಕ್ಸ್‌ರೇ ಯಂತ್ರಗಳಿಗೂ ಸೇರಿದ್ದು, ಸಿಟಿಗೆ ಮಾತ್ರವಲ್ಲ ಎಂಬುದು ನೆನಪಿರಲಿ. ಯಂತ್ರ ಇಳಿದು ಬಿಡಿಭಾಗ ಏರುತ್ತಿದ್ದರೆ ಹಳೆಯದನ್ನೇ ತೇಪೆ ಹಾಕಿ ಓಡಿಸುತ್ತಿದ್ದಾರೆ ಎಂದು ಅನುಮಾನಿಸಬಹುದು. ಎರಡೂ ಇಳಿದರೆ ಕೊರತೆ ರೋಗಿಯ ಬಾಗಿಲಿಗೆ ಬಂದಿರಬಹುದು. ಎರಡೂ ನಿಂತಲ್ಲೇ ಇದ್ದು ಮಾರುವ ದೇಶ ಮಾತ್ರ ಬದಲಾಗಿದ್ದರೆ ಕೊಳ್ಳುಗರು ಬೇರೆ ಅಂಗಡಿ ಹಿಡಿದಿದ್ದಾರೆ. ಆಗ ಪ್ರತಿ ದೇಶದ ಪಾಲನ್ನು ಶೇಕಡಾವಾರು ತೆಗೆಯಿರಿ. ರಿಪೇರಿ ಎಂಜಿನಿಯರ್ ಬರುವುದು ನಿಂತಿತೇ, ಸಾಫ್ಟ್‌ವೇರ್ ನವೀಕರಣ ನಿಂತಿತೇ ಎಂಬುದು ಮಾತ್ರ ಈ ಅಂಕಿಗಳಲ್ಲಿ ಸಿಗುವುದಿಲ್ಲ, ಅವು ಬಂದರಿನಲ್ಲಿ ಇಳಿಯುವ ಸರಕಲ್ಲ.

ಡಾಲರ್ ಮೊತ್ತದ ಪಕ್ಕದಲ್ಲಿ ಕಿಲೋ ಲೆಕ್ಕವನ್ನೂ ಇಡಿ. ಮೊತ್ತ ಹಾಗೆಯೇ ಇದ್ದು ತೂಕ ಇಳಿದಿದ್ದರೆ ಅದೇ ದುಡ್ಡಿಗೆ ಕಡಿಮೆ ಸಾಮಾನು ಬಂದಿರಬಹುದು. ಸುತ್ತುಬಳಸಿ ಬರುವ ಸರಕಿನ ಮೇಲೆ ಪ್ರತಿ ಮಧ್ಯವರ್ತಿಯೂ ತನ್ನ ಪಾಲು ಏರಿಸುತ್ತಾನೆ. ದೊಡ್ಡ ಯಂತ್ರದ ಬದಲು ಕೈಯಲ್ಲಿ ಹಿಡಿಯುವ ಯಂತ್ರ ಬಂದಿದ್ದರೂ ಹೀಗೇ ಕಾಣುತ್ತದೆ, ಆದ್ದರಿಂದ ಸಿರಿಂಜ್, ಕ್ಯಾತಿಟರ್‌ಗಳಲ್ಲಿ ಈ ಪರೀಕ್ಷೆ ಮಾಡುವುದು ಲೇಸು.

ಹೋಲಿಕೆಗೆ ಮೂಲ ವರ್ಷ ಯಾವುದು? 2020, 2021 ಬೇಡವೇ ಬೇಡ. ಕೋವಿಡ್‌ನಲ್ಲಿ ಲೋಕವೆಲ್ಲ ವೆಂಟಿಲೇಟರ್, ಆಕ್ಸಿಜನ್ ಯಂತ್ರಕ್ಕೆ ಮುಗಿಬಿದ್ದ ವರ್ಷಗಳವು. ಅದರ ಪಕ್ಕ 2022 ಇಟ್ಟರೆ ಯಾವ ದೇಶವೂ ಬಿದ್ದಂತೆಯೇ ಕಾಣಬಹುದು. ರಷ್ಯಾಕ್ಕೆ 2017ರಿಂದ 2019ರ ಸರಾಸರಿ ಹಿಡಿಯಿರಿ. ಇರಾನಿಗೆ 2016, 2017 ಸಡಿಲವಾಗಿದ್ದ ವರ್ಷಗಳು, ಆದ್ದರಿಂದ ಅದಕ್ಕೂ ಹಿಂದಿನ ಕೆಲವು ವರ್ಷಗಳನ್ನು ಜೊತೆಗಿಟ್ಟು ನೋಡಿ.

ಕೊನೆಯದಾಗಿ ಗುಮಾಸ್ತನ ಚಟದ ಒಂದು ಮಾತು. ಕಾಮ್‌ಟ್ರೇಡ್ ಅಂಕಿಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ. ತಡವಾಗಿ ವರದಿ ಕಳುಹಿಸುವ ದೇಶಗಳು ಬಹಳ. ಇಳಿಸಿಕೊಂಡ ಪ್ರತಿ ಕಡತದ ಹೆಸರಿನಲ್ಲೇ ಇಳಿಸಿಕೊಂಡ ತಾರೀಖು, ಎಚ್‌ಎಸ್ ಆವೃತ್ತಿ, ಯಾವ ದೇಶಗಳ ವರದಿ ಇನ್ನೂ ಬಂದಿಲ್ಲ ಎಂಬುದನ್ನು ಬರೆದಿಡಿ. ವರದಿ ಬಾರದ ದೇಶದ ಖಾನೆಯನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ.