ನಿಮ್ಮ ಊರಿಗೆ ಯಾರ ಹೆಸರು? ಹುಡುಕಿ ಬರೆಯುವವರಿಗೆ ಸಾಗರದಿಂದ ಒಂದಿಷ್ಟು ದಾರಿ

ಸಾಗರ ತಾಲೂಕಿನ ಗದ್ದೆ, ಅಡಿಕೆ ತೋಟ, ಸೊಪ್ಪಿನಬೆಟ್ಟ ಅಳೆಯುವುದೇ ನನ್ನ ನೌಕರಿಯಾಗಿತ್ತು. ಸರ್ವೆ ಇಲಾಖೆಯಿಂದ ನಿವೃತ್ತನಾದ ಮೇಲೆ ಕಾಲೇಜು ಹುಡುಗರು, ಜಾತ್ರೆಯ ಸ್ಮರಣ ಸಂಚಿಕೆ ಮಾಡುವವರು, ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರುಗಳು ಮನೆಗೆ ಬರುತ್ತಾರೆ. ‘ನಮ್ಮ ತಾಲೂಕು ಕೇಂದ್ರದ ಇತಿಹಾಸ ಬರೀಬೇಕು ಸಾರ್, ಎಲ್ಲಿಂದ ಶುರು ಮಾಡೋದು?’ ಎಂದು ಕೇಳುತ್ತಾರೆ. ಅವರಿಗೆ ಜಗುಲಿಯಲ್ಲಿ ಕೂರಿಸಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಊರಿನ ಹೆಸರು ಮನುಷ್ಯನದೋ ಅಲ್ಲವೋ ನೋಡಿಕೊಳ್ಳಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಭದ್ರಾವತಿಗೆ ಹೊಳೆಯ ಹೆಸರು, ಮೊದಲು ಅದು ಬೆಂಕಿಪುರ. ಹೊಸನಗರದ ಹಳೆಯ ಹೆಸರು ಕಲ್ಲೂರುಕಟ್ಟೆ. ಹಾಗಾದರೆ ಹಳೆಯ ‘ನಗರ’ ಯಾವುದು? ಬಿದನೂರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಜನರ ಬಾಯಲ್ಲಿ ‘ಹೈದರ್’ ಉದುರಿ ನಗರ ಉಳಿಯಿತು. ಆದ್ದರಿಂದ ಇವತ್ತಿನ ಬೋರ್ಡಿನಲ್ಲಿರುವ ಹೆಸರಿನ ಜೊತೆಗೆ ಹಳೆಯ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವ ದಾಖಲೆ ತೆಗೆದರೂ ಆ ಹಾಳೆ ಬೇಕಾಗುತ್ತದೆ.

ಹೆಸರು ಮನುಷ್ಯನದೇ ಆಗಿದ್ದರೆ ಅವನು ಮಾಡಿದ ಕೆಲಸವನ್ನು ನೆಲದ ಮೇಲೆ ಹುಡುಕಿ. ಬಿರುದು, ಯುದ್ಧ, ವಂಶಾವಳಿ ಎಲ್ಲ ಆಮೇಲೆ. ಸಾಗರದ್ದು ಸದಾಶಿವಸಾಗರ ಎಂಬ ಕೆರೆಯಿಂದ ಬಂದ ಹೆಸರು. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಕೆರೆ ಅಂತ ಊರಿನವರೆಲ್ಲ ಹೇಳುತ್ತಾರೆ. ದಡದಲ್ಲಿ ಗಣಪತಿ ದೇವಸ್ಥಾನ ಇರುವುದರಿಂದ ಈಗ ಅದನ್ನು ಗಣಪತಿ ಕೆರೆ ಅಂತ ಕರೆಯುತ್ತೇವೆ. ಕೆರೆಯ ಹೆಸರು ಊರಿಗೆ ಹೋಯಿತು, ಕೆರೆಗೆ ದೇವರ ಹೆಸರು ಬಂತು. ಸದಾಶಿವ ನಾಯಕನನ್ನು ನೆನೆಯಬೇಕಾದರೆ ಬಸ್‌ಸ್ಟ್ಯಾಂಡಿಗಿಂತ ಕೆರೆ ಏರಿ ಮೇಲೆ ನಿಲ್ಲುವುದು ಸರಿ.

ಕೆರೆ ಏರಿ ಮೇಲೆ ಒಂದು ಸಲ ಪೂರ್ತಿ ನಡೆಯಿರಿ. ನೀರು ಎಲ್ಲಿಂದ ಬರುತ್ತದೆ, ತೂಬು ಎಲ್ಲಿದೆ, ಕೋಡಿ ಬಿದ್ದರೆ ನೀರು ಯಾವ ಗದ್ದೆಬಯಲಿಗೆ ಹೋಗುತ್ತಿತ್ತು ಎಂದು ನೋಡಿ. ಆಮೇಲೆ ನಕ್ಷೆ ಬಿಚ್ಚಿ. ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ, ನಡುವೆ ಈ ಕೆರೆ. ಕೆಳದಿ ಅರಸರ ಮೊದಲ ರಾಜಧಾನಿ ಕೆಳದಿ, ಎರಡನೆಯದು ಇಕ್ಕೇರಿ. 1639ರ ಹೊತ್ತಿಗೆ ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಹೋಯಿತು. ಎರಡು ರಾಜಧಾನಿಗಳ ನಡುವಿನ ದಾರಿಯಲ್ಲಿ ನೀರು ನಿಲ್ಲಿಸಿದರೆ ಅಲ್ಲಿ ಜನ ನೆಲೆಸುವುದು ಸಹಜ, ಅಲ್ವಾ? ಸಾಗರದ ಇತಿಹಾಸಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ವಾಕ್ಯ. ನಿಮ್ಮ ಊರಿಗೂ ಇಂಥ ಒಂದು ವಾಕ್ಯ ಇರುತ್ತದೆ. ಅದು ನಡೆದರೆ ಸಿಗುತ್ತದೆ.

ನಡೆಯಲು ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ಜಾಸ್ತಿ, ಕಲ್ಲಿನ ಮೇಲೆಲ್ಲ ಹಾವಸೆ. ವೀರಗಲ್ಲು, ಮಾಸ್ತಿಕಲ್ಲು, ಲಿಂಗಮುದ್ರೆ ಕಲ್ಲು ಏನೇ ಕಂಡರೂ ಫೋಟೋ ತೆಗೆಯಿರಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತದೆ. ಮರದ ನೆರಳಲ್ಲಿದ್ದರೆ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಕಬ್ಬಿಣದ ಬ್ರಷ್ ಹಾಕಿ ತಿಕ್ಕಲೇಬೇಡಿ. ನಾಲ್ಕು ನೂರು ವರ್ಷ ಮಳೆಗೆ ತಡೆದ ಅಕ್ಷರ ಒಂದು ಬ್ರಷ್ಷಿಗೆ ಹೋಗುತ್ತದೆ. ಹೀಗೆ ಹಾಳಾದ ಕಲ್ಲುಗಳನ್ನು ನೋಡಿದ್ದೇನೆ, ಬಹಳ ನೋವಾಗುತ್ತದೆ.

ಕಲ್ಲು ಓದಲು ಬರದಿದ್ದರೆ ಚಿಂತೆ ಬೇಡ. ಬಿ. ಎಲ್. ರೈಸ್ ಮಾಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಶಾಸನಗಳು ತಾಲೂಕುವಾರು, ನಂಬರ್ ಸಮೇತ ಇವೆ. 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 8ನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. 1902 ಮತ್ತು 1904ರಲ್ಲಿ ಅಚ್ಚಾದ ಪುಸ್ತಕಗಳು, ಹಾಗಾಗಿ ಅಂದಿನ ತಾಲೂಕುಗಳ ಲೆಕ್ಕದಲ್ಲಿ ಹುಡುಕಬೇಕು. ಹೊಸನಗರದವರು ‘ನಗರ’ದ ಕೆಳಗೆ ನೋಡಿ. ಹಳೆಯ ಹೆಸರುಗಳ ಹಾಳೆ ಇಲ್ಲೇ ಕೆಲಸಕ್ಕೆ ಬರುವುದು.

ಓದುವಾಗ ಎರಡು ಎಚ್ಚರಿಕೆ ಬೇಕು. ಒಂದು, ಹೆಸರಿನದು. 16ನೇ ಶತಮಾನದ ನಡುವಿನಲ್ಲಿ ವಿಜಯನಗರದ ಸಿಂಹಾಸನದ ಮೇಲೂ ಒಬ್ಬ ಸದಾಶಿವರಾಯ ಇದ್ದ, ಇಲ್ಲಿ ಕೆಳದಿಯಲ್ಲೂ ಸದಾಶಿವ ನಾಯಕ. ಶಾಸನದಲ್ಲಿ ಮೊದಲು ಚಕ್ರವರ್ತಿಯ ಹೆಸರು ಬರುತ್ತದೆ, ಆಮೇಲೆ ಆ ಸೀಮೆ ಆಳುವ ನಾಯಕನದು, ಕೊನೆಗೆ ದಾನ ಕೊಟ್ಟವರು, ತೆಗೆದುಕೊಂಡವರು. ಮೊದಲ ಸಾಲಲ್ಲಿ ಸದಾಶಿವ ಅಂತ ಕಂಡ ಕೂಡಲೇ ‘ನಮ್ಮ ಊರಿನವನು’ ಅಂತ ಖುಷಿಪಡಬೇಡಿ, ಪೂರ್ತಿ ಓದಿ. ವೆಂಕಟಪ್ಪ, ಸೋಮಶೇಖರ, ಬಸಪ್ಪ ಎಂಬ ಹೆಸರುಗಳೂ ಆ ವಂಶದಲ್ಲಿ ಮರುಕಳಿಸುತ್ತವೆ.

ಇನ್ನೊಂದು ಇಸವಿಯದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಜನವರಿಯಿಂದ ಯುಗಾದಿವರೆಗಿನ ಘಟನೆಗೆ 79 ಕೂಡಿಸಬೇಕು. ರಕ್ಕಸಗಿ-ತಂಗಡಿ ಯುದ್ಧ ನಡೆದದ್ದು ಶಕ 1486, ರಕ್ತಾಕ್ಷಿ ಸಂವತ್ಸರದಲ್ಲಿ. 78 ಕೂಡಿಸಿದರೆ 1564. ಯುದ್ಧ ಆದದ್ದು ಜನವರಿಯಲ್ಲಿ, ಹಾಗಾಗಿ 1565 ಸರಿ. ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಲೆಕ್ಕ ತಪ್ಪಿದರೆ ಬೇಗ ಗೊತ್ತಾಗುತ್ತದೆ.

ಅರಸರ ಕಾಲದ ಕಾವ್ಯಗಳನ್ನು ಓದಿ, ಆದರೆ ಅವರವರ ಆಶ್ರಯದಲ್ಲಿ ಬರೆದದ್ದು ಎಂಬುದು ನೆನಪಿರಲಿ. ಹೊರಗಿನವರ ಕಣ್ಣೂ ಬೇಕು. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಆಳ್ವಿಕೆ. ಬೀದಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕುಣಿಯುವುದನ್ನು ಅವನು ನೋಡಿ ಬರೆದಿದ್ದಾನೆ. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಯಾವ ಶಾಸನವೂ ಅದನ್ನು ಹೇಳುವುದಿಲ್ಲ.

ಇಕ್ಕೇರಿಗೆ ಹೋದಾಗ ಅಘೋರೇಶ್ವರ ದೇವಸ್ಥಾನದಲ್ಲಿ ತಲೆ ಎತ್ತಿ ನೋಡುವಷ್ಟೇ ಹೊತ್ತು ನೆಲವನ್ನೂ ನೋಡಿ. ದೇವರಿಗೆ ಅಡ್ಡಬಿದ್ದ ಅರಸರ ಆಕೃತಿಗಳು ಕಲ್ಲಿನಲ್ಲಿವೆ. ಅಡಿಕೆ ತೋಟ ಅಳೆಯುವ ಕೋಲಿನ ಉದ್ದಕ್ಕೆ ಈ ದೇವಸ್ಥಾನದ ಅಳತೆಯೇ ಆಧಾರವಾಗಿತ್ತು. ಸುಮಾರು ಹದಿನೆಂಟೂವರೆ ಅಡಿ. ಶಿವಪ್ಪ ನಾಯಕ ಭೂಮಿ ಅಳೆಸಿ, ಫಸಲು ನೋಡಿ, ಕಂದಾಯ ಗೊತ್ತುಮಾಡಿದ್ದನ್ನು ‘ಶಿವಪ್ಪ ನಾಯಕನ ಶಿಸ್ತು’ ಅಂತ ಇವತ್ತಿಗೂ ಹೇಳುತ್ತೇವೆ. ನಾನು ಜೀವನಪೂರ್ತಿ 33 ಅಡಿಯ ಸರಪಳಿ ಎಳೆದವನು. ಆ ಸರಪಳಿಯ ಒಂದು ಚೌಕಕ್ಕೆ ಒಂದು ಗುಂಟೆ. ಇಕ್ಕೇರಿ ಕೋಲಿನ ಚೌಕ ಹಾಕಿದರೆ ಒಂದು ಗುಂಟೆಯಲ್ಲಿ ಮೂರಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಳತೆಗೆ ದೇವಸ್ಥಾನವನ್ನೇ ಆಧಾರ ಮಾಡಿದರೆ ಶಾನುಭೋಗನಾಗಲಿ, ಒಕ್ಕಲಾಗಲಿ ಕೋಲು ಗಿಡ್ಡ ಮಾಡುವಂತಿಲ್ಲ. ಊರ ಇತಿಹಾಸ ಅಂದರೆ ನನಗೆ ಇಂಥದ್ದು. ಅರಸನ ಹೆಸರಿಗಿಂತ ಅವನ ಕೋಲು ತೋಟದವನ ಮನೆಗೆ ಹೆಚ್ಚು ಹತ್ತಿರ.

ಈಗ ಕಂದಾಯ ದಾಖಲೆ. ಇತಿಹಾಸ ಬರೆಯುವವರು ಇದನ್ನು ಮುಟ್ಟುವುದೇ ಇಲ್ಲ, ಅದು ದೊಡ್ಡ ನಷ್ಟ. ಗ್ರಾಮನಕ್ಷೆಯ ಪ್ರತಿ ತೆಗೆಸಿ. ಪೇಟೆ ಬೆಳೆದು ನುಂಗಿದ ಹಳ್ಳಿಗಳ ಹೆಸರು ಅಲ್ಲಿ ಜೀವಂತ ಇರುತ್ತವೆ. ನಮ್ಮ ರೈಲ್ವೆ ನಿಲ್ದಾಣದ ಬೋರ್ಡಿನಲ್ಲೂ ‘ಸಾಗರ ಜಂಬಗಾರು’ ಅಂತಲೇ ಇದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಅದನ್ನು ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಹಳೆಯ ಟಿಪ್ಪಣಿ (ಅಳತೆಯ ಕೈನಕ್ಷೆ), ಪಹಣಿ ಕೇಳಿ. ಕೆರೆ, ಹಳ್ಳ, ಬಂಡಿದಾರಿ ಎಲ್ಲ ‘ಬ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನಿನ ಲೆಕ್ಕದಲ್ಲಿ, ಇರುವುದು ಸಾಮಾನ್ಯ. ಒಂದೇ ಸಲಕ್ಕೆ ಎಲ್ಲ ಸಿಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಹಿರಿಯರ ಮನೆಗೆ ಹೋಗುವಾಗ ಪ್ರಶ್ನೆಪಟ್ಟಿ ಮನೆಯಲ್ಲೇ ಬಿಡಿ. ‘ಅಮ್ಮಾ, ನಿಮ್ಮ ಮೂಲ ಯಾವ ಊರು? ಮನೆದೇವರು ಎಲ್ಲಿ?’ ಅಂತ ಕೇಳಿ ಸುಮ್ನೆ ಕೂತರೆ ಸಾಕು. ಸಾಗರದ ಸುತ್ತ ಬಹಳ ಮನೆಗಳ ಮೂಲ ಊರು ನೀರಿನಲ್ಲಿದೆ. 1948ರ ಹಿರೇಭಾಸ್ಕರ ಅಣೆಕಟ್ಟು, 1964ರ ಲಿಂಗನಮಕ್ಕಿ, ಎರಡು ಸಲ ಶರಾವತಿ ಕಣಿವೆ ಖಾಲಿಯಾಯಿತು. 1951ರ ಕಾಗೋಡು ಸತ್ಯಾಗ್ರಹ, ಅಂದರೆ ಭೂಮಾಲೀಕರ ವಿರುದ್ಧದ ರೈತ ಹೋರಾಟ, ಕಂಡ ಗೇಣಿದಾರರ ಮನೆಗಳಿವೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಆಗ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಶ್ರೀಗಂಧ ಕೆತ್ತುವ ಗುಡಿಗಾರರ ಮನೆಗಳಿವೆ. ಇವರನ್ನೆಲ್ಲ ಬಿಟ್ಟು ಸದಾಶಿವ ನಾಯಕನೊಬ್ಬನನ್ನೇ ಬರೆದರೆ ಅದು ಸಾಗರದ ಇತಿಹಾಸ ಆಗುವುದಿಲ್ಲ.

ಬರೆಯುವಾಗ ಯಾವುದು ಕಲ್ಲಿನಲ್ಲಿದೆ, ಯಾವುದು ಕಾವ್ಯದಲ್ಲಿದೆ, ಯಾವುದು ಊರವರ ಮಾತು ಎಂದು ಪ್ರತಿ ಸಲ ಹೇಳಿಬಿಡಿ. ‘ಊರಿನವರು ಹೇಳುತ್ತಾರೆ’ ಎಂದು ಬರೆದರೆ ಊರಿನವರಿಗೆ ಅವಮಾನವಲ್ಲ, ಗೌರವವೇ.

ಕೊನೆಯ ಪುಟದಲ್ಲಿ ಕೆರೆಯ ನಕ್ಷೆ ಹಾಕಿ. ಸರ್ವೆ ನಂಬರ್, ದಾಖಲೆಯಲ್ಲಿರುವ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ, ಈಗ ನೀರು ನಿಲ್ಲುವ ಜಾಗ, ಸಿಕ್ಕಿದ ಬಾಂದುಕಲ್ಲುಗಳ (ಗಡಿ ಕಲ್ಲುಗಳ) ಗುರುತು, ಸಿಗದ ಬಾಂದುಗಳ ಗುರುತು ಎಲ್ಲ ಇರಲಿ. ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ, ಒಂದು ಶಾಲೆಗೆ ಕೊಡಿ. ನಗರಸಭೆಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.